ಕುಬುಸದ ಸಡಗರದಲ್ಲಿ ತಾಯಿ ಕಾರ್ಡ್ ಮರೆಯದಿರಲಿ

ಮಾನ್ಯ ಸಂಪಾದಕರೇ,

ನಮ್ಮ ರಾಯಚೂರು ಜಿಲ್ಲೆಯಲ್ಲಿ ಚೊಚ್ಚಲ ಗರ್ಭಿಣಿಗೆ ಕುಬುಸ ಮಾಡಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ತವರಿಗೆ ಕಳುಹಿಸುವುದು ವಾಡಿಕೆ. ಸೀರೆ, ಊಟಕ್ಕೆಂದು ಸಾಲ ಮಾಡುವವರೂ ಇದ್ದಾರೆ. ಆದರೆ ತಾಯಿ ಕಾರ್ಡ್ ಮಾತ್ರ ಎಷ್ಟೋ ಸಲ ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ! ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಹೆರಿಗೆಯ ಅಂದಾಜು ದಿನ ಎಲ್ಲವನ್ನೂ ಬರೆದಿರುವುದು ಅದರಲ್ಲಿಯೇ. ನಡುರಾತ್ರಿ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಓಡಿದರೆ ಮೊದಲು ಕೇಳುವುದೂ ಅದನ್ನೇ.

ಹುಟ್ಟುವ ಮೊದಲು ಕೂಸಿಗೆ ಹೊಸ ಬಟ್ಟೆ ತರಬಾರದೆಂಬ ಹಿರಿಯರ ಮಾತಿಗೆ ನನ್ನ ತಕರಾರಿಲ್ಲ. ಹಳೆಯ ನೂಲಿನ ಸೀರೆಯನ್ನು ಒಗೆದು, ಬಿಸಿಲಿಗೆ ಒಣಗಿಸಿ, ಹರಿದು ಮಡಚಿಟ್ಟ ಮೆತ್ತನೆಯ ತುಂಡುಗಳೇ ಕೂಸಿನ ಮೈಗೆ ಹಿತ; ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಆ ತುಂಡುಗಳನ್ನು ತುಂಬಿದ ಚೀಲಕ್ಕೇ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸೇರಿಸಲು ಎಷ್ಟು ಹೊತ್ತು ಬೇಕು?

ಅಂಗನವಾಡಿಯದು ಇನ್ನೊಂದು ತೊಡಕು. 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆಯ ಊಟವನ್ನು ಗರ್ಭಿಣಿಯರು ಕೇಂದ್ರಕ್ಕೇ ಬಂದು ಉಣ್ಣಲಿ ಎಂಬುದು ಸರ್ಕಾರದ ಆಶಯ. ಒಳ್ಳೆಯದೇ. ಆದರೆ ತುಂಬಿದ ಹೊಟ್ಟೆ ಹೊತ್ತು ಏಪ್ರಿಲ್ ಮಧ್ಯಾಹ್ನದಲ್ಲಿ ನಡೆಯುವುದೆಂದರೆ? ಕೊನೆಯ ಎರಡು ತಿಂಗಳಾದರೂ ಊಟವನ್ನು ಮನೆಗೆ ಕೊಡಲಿ, ತವರಿಗೆ ಬಂದವರಿಗೂ ಸಿಗಲಿ.

108 ಆಂಬುಲೆನ್ಸ್ ತಡವಾದರೆ ರಾತ್ರಿ ಬರಬಲ್ಲ ಊರಿನ ವಾಹನ ಚಾಲಕರ ಮೊಬೈಲ್ ಸಂಖ್ಯೆಗಳನ್ನು ಗ್ರಾಮ ಪಂಚಾಯಿತಿಯವರು ಅಂಗನವಾಡಿಯ ಗೋಡೆಯ ಮೇಲೆ ಬರೆಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಲಿಂಗಸುಗೂರು