ನಿನ್ನ ಹೆಸರೇನು?

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. "ಆಫೀಸಿನಲ್ಲಿ ಒಂದು ಥರ, ರೂಮಿನಲ್ಲಿ ಒಂದು ಥರ, ಫೋಟೋ ಹಾಕುವಾಗ ಇನ್ನೊಂದು ಥರ. ಇದರಲ್ಲಿ ನಾನು ಯಾರಮ್ಮಾ?" ಅಂದೆ. ನನಗೆ ಆಗ "ಪ್ರಾರ್ಥನೆ ಮಾಡಿ ಮಲಗು" ಅನ್ನುವುದಷ್ಟೇ ಹೊಳೆಯಿತು. ಫೋನ್ ಇಟ್ಟ ಮೇಲೆ ಅದು ಸಾಲದು ಅನ್ನಿಸಿತು.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿ ಇದೆ.

ನರ್ಸಿಂಗ್ ಕಲಿಯುವಾಗ ನಾನು ಹಾಸ್ಟೆಲಿನಲ್ಲಿದ್ದೆ. ಜೊತೆಯವರ ಅಪ್ಪಂದಿರು ಬ್ಯಾಂಕಿನವರು, ಮೇಷ್ಟ್ರುಗಳು. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರ್ ಅಂತ ಹೇಳಿಟ್ಟಿದ್ದೆ. ಒಂದು ಶನಿವಾರ ನಿನ್ನ ಅಜ್ಜ ಹೇಳದೆ ಕೇಳದೆ ಬಂದುಬಿಟ್ಟರು. ದಿನವಿಡೀ ಮಣ್ಣು ಅಚ್ಚಿಗೆ ಹಾಕುವ ಕೈ ಅದು. ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಪೇಪರಿನಲ್ಲಿ ಕಟ್ಟಿದ ಹಲಸಿನ ಹಪ್ಪಳ. ಗೆಳತಿ "ಯಾರಿವರು?" ಅಂತ ಕೇಳಿದಳು. "ನಮ್ಮ ಊರಿನವರು" ಅಂದೆ.

ಅಜ್ಜನಿಗೆ ಕೇಳಿಸಿತು. ಹಪ್ಪಳದ ಕಟ್ಟು ನನ್ನ ಕೈಗೆ ಕೊಟ್ಟು, "ಬರ್ತೇನೆ ಮಗಾ" ಅಂತ ಬಸ್‌ಸ್ಟಾಂಡಿನ ಕಡೆ ನಡೆದರು.

ಆ ದಿನಗಳಲ್ಲಿ ನಾನು ಬೈಬಲಿನ ಆದಿಕಾಂಡ ಓದುತ್ತಿದ್ದೆ. ಯಾಕೋಬನ ಕಥೆ ನಿನಗೂ ಸಂಡೇ ಸ್ಕೂಲಿನಿಂದ ಗೊತ್ತು, ಅಲ್ವಾ? ಕಣ್ಣು ಕಾಣದ ಅಪ್ಪ ಇಸಾಕ, ಮಗನೇ ನೀನು ಯಾರು ಅಂತ ಕೇಳುತ್ತಾನೆ. ಅಣ್ಣನ ರೋಮದ ಕೈಯಂತೆ ತೋರಲಿ ಅಂತ ಕೈಗೆ ಆಡುಮರಿಯ ತೊಗಲು ಸುತ್ತಿಕೊಂಡ ಯಾಕೋಬ, ನಾನು ಏಸಾವ ಅನ್ನುತ್ತಾನೆ. ಆಶೀರ್ವಾದ ಸಿಗುತ್ತದೆ. ಆದರೆ ಅದು ಅಣ್ಣ ಏಸಾವನಿಗೆ ಅಂತ ಕೊಟ್ಟದ್ದು. ಅದನ್ನು ಹೊತ್ತುಕೊಂಡು ಊರು ಬಿಟ್ಟು ಓಡಿದ. ಇಪ್ಪತ್ತು ವರ್ಷ ಮಾವನ ಮನೆಯಲ್ಲಿ ದುಡಿದ.

ಊರಿಗೆ ಮರಳುವಾಗ ಹೆಂಡತಿ ಮಕ್ಕಳನ್ನೆಲ್ಲ ಯಬ್ಬೋಕ್ ಹೊಳೆ ದಾಟಿಸಿ ಒಬ್ಬನೇ ಉಳಿದ. ಕತ್ತಲಲ್ಲಿ ಯಾರೋ ಬಂದು ಬೆಳಗಿನ ತನಕ ಅವನ ಜೊತೆ ಹೋರಾಡಿದರು. ಆಶೀರ್ವಾದ ಮಾಡದೆ ಬಿಡುವುದಿಲ್ಲ ಅಂತ ಯಾಕೋಬ ಗಟ್ಟಿಯಾಗಿ ಹಿಡಿದುಕೊಂಡ. ಆಗ ಬಂದ ಪ್ರಶ್ನೆ, "ನಿನ್ನ ಹೆಸರೇನು?"

ದೇವರಿಗೆ ಅವನ ಹೆಸರು ಗೊತ್ತಿರಲಿಲ್ವಾ ಮಗಳೇ? ಹಿಂದೊಮ್ಮೆ ಆಶೀರ್ವಾದಕ್ಕಾಗಿ ಅಣ್ಣನ ಹೆಸರು ಹೇಳಿದ್ದವನು ಈ ಸಲ "ಯಾಕೋಬ" ಅಂದ. ಮೋಸಗಾರ ಅಂತ ಅಣ್ಣ ಹಂಗಿಸಿದ್ದ ಹೆಸರು ಅದೇ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಇಸ್ರಾಯೇಲ್ ಎಂಬ ಹೊಸ ಹೆಸರು ಸಿಕ್ಕಿದ್ದು. ಆ ಹೋರಾಟದಲ್ಲಿ ತೊಡೆಯ ಕೀಲು ತಪ್ಪಿ, ಸೂರ್ಯ ಹುಟ್ಟುವಾಗ ಅವನು ಕುಂಟುತ್ತಿದ್ದ. ಆ ಕುಂಟು ಹೆಜ್ಜೆ ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಯಾರ ವೇಷವೂ ಇಲ್ಲದೆ ಅಣ್ಣನ ಎದುರಿಗೆ ಹೋದ. ಅಣ್ಣ ಓಡಿ ಬಂದು ತಬ್ಬಿಕೊಂಡ.

ಅದನ್ನು ಓದಿದ ರಾತ್ರಿ ಹಾಸ್ಟೆಲಿನ ಮಂಚದ ಪಕ್ಕ ಮೊಣಕಾಲೂರಿದೆ. ಒಳ್ಳೆ ಮಾತು ಯಾವುದೂ ಬರಲಿಲ್ಲ. "ಕರ್ತನೇ, ನಾನು ಅಪ್ಪನನ್ನು ಅಪ್ಪ ಅನ್ನಲಿಲ್ಲ" ಅಂದೆ, ಅಷ್ಟೇ. ಅದುವರೆಗೆ ನಾನು ಮಾಡಿದ ಪ್ರಾರ್ಥನೆಗಳಲ್ಲೂ ಒಬ್ಬ ಒಳ್ಳೆ ಹುಡುಗಿಯ ವೇಷ ಇತ್ತು. ಅವತ್ತು ಮಾತ್ರ ನಾನೇ ಹೋಗಿ ನಿಂತೆ. ದೇವರು ನನ್ನನ್ನು ಆಚೆ ಕಳಿಸಲಿಲ್ಲ. ಅವತ್ತಿನಿಂದ ನಾನು ಯಾರು ಅನ್ನುವುದು ನನಗೆ ಗೊತ್ತು.

ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನದ ಹೊತ್ತಿಗೆ ಯೇಸುಸ್ವಾಮಿಗೆ ಆಕಾಶದಿಂದ "ನೀನು ನನ್ನ ಪ್ರಿಯ ಮಗನು" ಅನ್ನುವ ಸ್ವರ ಕೇಳಿದಾಗ ಆತ ಇನ್ನೂ ಕುರುಡರಿಗೆ ಕಣ್ಣು ಕೊಟ್ಟಿರಲಿಲ್ಲ, ಗುಡ್ಡದ ಮೇಲೆ ಬೋಧಿಸಿರಲಿಲ್ಲ. ಆ ಮಾತಿನೊಳಗೆ ನಮ್ಮನ್ನೂ ಸೇರಿಸಿಕೊಳ್ಳಲಿಕ್ಕೇ ಆತ ಶಿಲುಬೆಗೆ ಹೋದದ್ದು. ನಿನ್ನ ಪ್ರಮೋಷನ್ ತಪ್ಪಿದರೆ ಆ ಮಾತು ತಪ್ಪುವುದಿಲ್ಲ. ಸಿಕ್ಕಿದರೆ ಜಾಸ್ತಿಯೂ ಆಗುವುದಿಲ್ಲ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕ್ರಿಸ್ತನನ್ನು ನಂಬಿದ್ದಕ್ಕೆ ಮನೆ, ಜಮೀನು, ಕುಲಕಸುಬು ಎಲ್ಲ ಕಳೆದುಕೊಂಡವರು ಅವರು. ಅಂಥವರ ಹೊಟ್ಟೆಪಾಡಿಗೆ ಅಂತಲೇ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರು ನೇಯ್ಗೆ ಶುರು ಮಾಡಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಹಾಕಿದರು. ಜಾತಿಯ ಹೆಸರು ಹೋದವರಿಗೆ ದೇವರ ಮಕ್ಕಳು ಅನ್ನುವ ಹೆಸರು ಬರೀ ಮಾತಾಗಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದೇ ಅದೊಂದು.

ಆ ವರ್ಷ ಕ್ರಿಸ್ಮಸ್ಸಿಗೆ ಮನೆಗೆ ಹೋದಾಗ ಅಜ್ಜ ಊಟಕ್ಕೆ ಕೂತಿದ್ದರು. "ಅಪ್ಪಾ, ಅವತ್ತು ಹಾಸ್ಟೆಲಿನಲ್ಲಿ..." ಅಂತ ಶುರು ಮಾಡಿದೆ. ಮುಂದೆ ಹೇಳಲು ಆಗಲಿಲ್ಲ. ಅವರು ತಮ್ಮ ಬಟ್ಟಲಿನ ಮೀನಿನ ದೊಡ್ಡ ತುಂಡನ್ನು ಎತ್ತಿ ನನ್ನ ಬಟ್ಟಲಿಗೆ ಹಾಕಿದರು. "ಉಣ್ಣು ಮಗಾ, ತಣಿದು ಹೋಗ್ತದೆ."

ಮಳೆ ನಿಂತ ಮೇಲೆ ಮನೆಯ ಮಾಡು ರಿಪೇರಿ ಮಾಡಿಸಿದೆ. ಹಳೇ ಹಂಚು ಇಳಿಸಿ ತಿರುಗಿಸಿ ನೋಡಿದರೆ, ಹಸಿ ಮಣ್ಣಿರುವಾಗ ಒತ್ತಿದ ಅಕ್ಷರ ಹಾಗೇ ಇದೆ. ಇಷ್ಟು ವರ್ಷದ ಪಾಚಿಯ ಕೆಳಗೆ ಒಂದೂ ಅಳಿಸಿಲ್ಲ. ಎರಡು ಹಂಚನ್ನು ತೊಳೆದು ನಿನಗೆ ಅಂತ ಜಗಲಿಯಲ್ಲಿ ಇಟ್ಟಿದ್ದೇನೆ. ಕ್ರಿಸ್ಮಸ್ಸಿಗೆ ಬಂದಾಗ ನೋಡು. ರಜೆ ಸಿಕ್ಕಿದರೆ ಮೊದಲೇ ಬಾ.

ನಿನ್ನ ಅಮ್ಮ