ವೀಕ್ಷಣೆಯ ಲೆಕ್ಕ ಬೇರೆ, ಕೇಳುಗರ ಪಟ್ಟಿ ಬೇರೆ

ಮಾನ್ಯ ಸಂಪಾದಕರೇ,

ಇಂಥ ಹಾಡು ಬಿಡುಗಡೆಯಾದ 24 ಗಂಟೆಗಳಲ್ಲಿ ಇಷ್ಟು ಲಕ್ಷ ವೀಕ್ಷಣೆ ಪಡೆಯಿತು, ಆದ್ದರಿಂದ ಅದು ಜನ ಮೆಚ್ಚಿದ ಹಾಡು ಎಂಬ ಧಾಟಿಯ ಸುದ್ದಿ ನಿಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ ಇತ್ತೀಚೆಗೆ ಹೆಚ್ಚುಕಡಿಮೆ ಪ್ರತಿ ವಾರ ಕಾಣಿಸುತ್ತಿದೆ. ಹಾಡನ್ನು ಬರೆದವರು ಯಾರು, ಹಾಡಿದ ಕಂಠ ಹೇಗಿದೆ, ಪಲ್ಲವಿಯಿಂದ ಚರಣಕ್ಕೆ ಬರುವಾಗ ಏನಾಗುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಅದರಲ್ಲಿ ಇರುವುದಿಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ, ಬಳ್ಳಾರಿಗಳಲ್ಲಿ ಚದುರಿಕೊಂಡಿರುವ ನಾವು ಮೂವತ್ತಕ್ಕೂ ಹೆಚ್ಚು ಕೇಳುಗರು ನಾಲ್ಕು ವರ್ಷಗಳಿಂದ ಮೊಬೈಲ್‌ನಲ್ಲಿ ಒಂದು ಬಳಗ ಕಟ್ಟಿಕೊಂಡು, ವಾರವಾರವೂ ಹೊಸ ಹಾಡುಗಳನ್ನು ಹಂಚಿಕೊಂಡು, ತಿಂಗಳ ಕೊನೆಗೆ ನಮ್ಮದೇ ಶ್ರೇಯಾಂಕ ಪಟ್ಟಿಯನ್ನು ಮಾಡುತ್ತ ಬಂದಿದ್ದೇವೆ. ಎಷ್ಟು ಸಲ ಒತ್ತಲಾಯಿತು ಎಂಬ ಎಣಿಕೆಯನ್ನು ಮೆಚ್ಚುಗೆಯ ಅಳತೆಯೆಂದು ಅಚ್ಚು ಹಾಕುವುದು ತಪ್ಪು ಎಂದೂ, ಆ ಜಾಗವನ್ನು ಕೇಳುಗರು ಕಾರಣಸಹಿತವಾಗಿ ಮಾಡಿದ ಪಟ್ಟಿಗೆ ಬಿಟ್ಟುಕೊಡುವುದು ಸಾಧ್ಯವೆಂದೂ ಈ ಅನುಭವದ ಮೇಲೆ ನಿಮ್ಮ ಗಮನಕ್ಕೆ ತರಬಯಸುತ್ತೇನೆ.

ಹಾಡುಗಳಿಗೆ ಅಂಕಿ ಹಚ್ಚುವುದನ್ನೇ ನಾನು ವಿರೋಧಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ನನ್ನ ಬಾಲ್ಯದಲ್ಲಿ ಬುಧವಾರ ರಾತ್ರಿ ಎಂಟಾಯಿತೆಂದರೆ ನಮ್ಮೂರ ಬಸ್ ನಿಲ್ದಾಣದ ಚಹಾದ ಹೋಟೆಲಿನಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರು ನಡೆಸಿಕೊಡುತ್ತಿದ್ದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಬರುತ್ತಿತ್ತು. ಆಕಾಶವಾಣಿಯು ಚಿತ್ರಗೀತೆಗಳನ್ನು ದೂರವಿಟ್ಟಿದ್ದ 1952ರಲ್ಲಿ ಆರಂಭವಾದ ಆ ಕಾರ್ಯಕ್ರಮ ಮೊದಲಿಗೆ ಸ್ಪರ್ಧೆಯ ರೂಪದಲ್ಲಿತ್ತು: ಏಳು ಹಾಡುಗಳನ್ನು ಕ್ರಮವಿಲ್ಲದೆ ಕೇಳಿಸಿ, ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಕಳುಹಿಸಿರೆಂದು ಕೇಳುಗರಿಗೇ ಹೇಳಲಾಗುತ್ತಿತ್ತು. ನಲವತ್ತೋ ಐವತ್ತೋ ಪತ್ರಗಳು ಬಂದಾವೆಂದುಕೊಂಡಿದ್ದ ಕಡೆ 9,000 ಪತ್ರಗಳು ಬಂದುವೆಂದು ಸಯಾನಿಯವರೇ ಮುಂದೆ ನೆನೆಯುತ್ತಿದ್ದರು. ಹಾಡುಗಳು ಒಂದೊಂದೇ ‘ಪಾಯಿದಾನ್’ (ಮೆಟ್ಟಿಲು) ಏರುವ ಪದ್ಧತಿ ಆಮೇಲೆ ಬಂದಿತು, ಅದಕ್ಕೆ ರೆಕಾರ್ಡುಗಳ ಮಾರಾಟದ ಜೊತೆಗೆ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವೂ ಆಧಾರವಾಗಿತ್ತು. ಅದರಲ್ಲಿ ಲೋಪಗಳಿದ್ದಿರಬಹುದು, ಆದರೆ ಪಟ್ಟಿಯ ಹಿಂದೆ ಅಂಚೆಚೀಟಿ ಹಚ್ಚಿದ ಮನುಷ್ಯರಿದ್ದರು ಎಂಬುದಂತೂ ನಿಜ. (ಬುಧವಾರದ ಆ ಚಹಾದ ದುಡ್ಡನ್ನು ನನ್ನ ತಂದೆ ಭಾನುವಾರ ಬಯ್ದುಕೊಂಡೇ ತೀರಿಸುತ್ತಿದ್ದರು.) ಇಂಗ್ಲೆಂಡಿನ ಮೊದಲ ಪಟ್ಟಿಯೂ ಅದೇ 1952ರ ನವೆಂಬರಿನಲ್ಲಿ ಪ್ರಕಟವಾಯಿತು, ಒಂದು ಸಂಗೀತ ಪತ್ರಿಕೆಯವರು ಇಪ್ಪತ್ತರಷ್ಟು ರೆಕಾರ್ಡ್ ಅಂಗಡಿಗಳಿಗೆ ದೂರವಾಣಿ ಮಾಡಿ, ಏನು ಹೆಚ್ಚು ಹೋಗುತ್ತಿದೆ ಎಂದು ಕೇಳಿ ಬರೆದುಕೊಂಡದ್ದಷ್ಟೇ ಅದರ ಬಂಡವಾಳವಾಗಿತ್ತು.

ಇಂದಿನ ವೀಕ್ಷಣೆಯ ಸಂಖ್ಯೆಯಲ್ಲಿ ಮಾರಾಟವೂ ಇಲ್ಲ, ಅಭಿಪ್ರಾಯವೂ ಇಲ್ಲ. 2019ರಲ್ಲಿ ನಮ್ಮ ದೇಶದ್ದೇ ಒಂದು ಹಾಡು ಒಂದು ದಿನದಲ್ಲಿ ಏಳೂವರೆ ಕೋಟಿ ವೀಕ್ಷಣೆ ಪಡೆದು ವಿಶ್ವದಾಖಲೆ ಮಾಡಿತೆಂಬ ಸದ್ದು ಎದ್ದಾಗ, ಅದರಲ್ಲಿ ಹಣ ಕೊಟ್ಟು ಹಾಕಿಸಿದ ಜಾಹೀರಾತಿನ ವೀಕ್ಷಣೆಯ ಪಾಲೆಷ್ಟು ಎಂಬ ಪ್ರಶ್ನೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಸಂಗೀತ ಪಟ್ಟಿಗಳಿಗೂ 24 ಗಂಟೆಗಳ ದಾಖಲೆಗಳಿಗೂ ಜಾಹೀರಾತಿನಿಂದ ಬಂದ ವೀಕ್ಷಣೆಗಳನ್ನು ಎಣಿಸುವುದಿಲ್ಲವೆಂದು ಪ್ರಕಟಿಸಿತು. ಎಣಿಸುವ ಸಂಸ್ಥೆಯೇ ಕೈಬಿಟ್ಟ ಲೆಕ್ಕವನ್ನು ನಮ್ಮ ಪತ್ರಿಕೆಗಳು ಇನ್ನೂ ಏಕೆ ಹೊತ್ತು ತಿರುಗುತ್ತಿವೆಯೋ ತಿಳಿಯದು.

ಕೇಳುವ ಆ್ಯಪ್‌ಗಳ ಲೆಕ್ಕದಲ್ಲಿ ನಮ್ಮ ಸೀಮೆಗೆ ಆಗುವ ಅನ್ಯಾಯ ಇನ್ನೊಂದು ಬಗೆಯದು. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡು ನುಡಿದರೆ ಅದು ಒಂದು ಕೇಳಿಕೆ ಎಂದು ದಾಖಲಾಗುತ್ತದೆ. ಮೂರು ನಿಮಿಷದ ಚಿತ್ರಗೀತೆಗೂ ಒಂದೇ, ಮುಕ್ಕಾಲು ಗಂಟೆ ಕುಳಿತು ಕೇಳಿದ ಹಿಂದೂಸ್ತಾನಿ ಖ್ಯಾಲ್ ಗಾಯನಕ್ಕೂ ಒಂದೇ. 2014ರಲ್ಲಿ ತೀರಿಕೊಂಡ ಬುರ್ರಕಥೆಯ ದರೋಜಿ ಈರಮ್ಮನವರು ಒಂದು ಕಥನವನ್ನು ಹಿಡಿದರೆ ರಾತ್ರಿಗಟ್ಟಲೆ ಹಾಡುತ್ತಿದ್ದರು. ಓದುಬರಹ ಬಾರದ ಆ ತಾಯಿಯ ನೆನಪಿನಲ್ಲಿದ್ದ ಕಥನವನ್ನು ಈ ಎಣಿಕೆಯ ತಕ್ಕಡಿಯಲ್ಲಿಟ್ಟರೆ ಅದು ಮೂವತ್ತು ಸೆಕೆಂಡಿನ ತುಣುಕೊಂದಕ್ಕೆ ಸಮನಾಗುತ್ತದೆ. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವನ್ನು ಇಟ್ಟುಕೊಂಡಿರುವ ರಾಯಚೂರಿನವರಿಗೆ ಇದು ಕೂಡಲೇ ಅರ್ಥವಾಗುವ ಮಾತು.

ಹಾಗಾದರೆ ನಿಮ್ಮ ಬಳಗ ಏನು ಮಾಡುತ್ತದೆ ಎಂದು ನೀವು ಕೇಳಬಹುದು. ಶುಕ್ರವಾರ ರಾತ್ರಿ ಎಲ್ಲರೂ ಆ ವಾರ ಕೇಳಿದ ಹೊಸದನ್ನು ಹಂಚಿಕೊಳ್ಳುತ್ತೇವೆ. ಹೊಸ ಸಂಗೀತಕ್ಕೆ ಶುಕ್ರವಾರವೆಂಬ ನೇಮ 2015ರ ಜುಲೈನಿಂದ ಜಗತ್ತಿನ ಹಲವು ದೇಶಗಳಲ್ಲಿ ಜಾರಿಗೆ ಬಂದದ್ದು. ನಮ್ಮಲ್ಲಿ ಹಾಡುಗಳು ನಟರ ಹುಟ್ಟುಹಬ್ಬಕ್ಕೋ ಯುಗಾದಿಗೋ ಬರುವುದರಿಂದ ಶುಕ್ರವಾರವನ್ನು ನಾವು ಅನುಕೂಲಕ್ಕೆಂದಷ್ಟೇ ಇಟ್ಟುಕೊಂಡಿದ್ದೇವೆ. ಮೊದಲ ವರ್ಷ ಪ್ರತಿ ಹಾಡಿಗೂ ಐದರಲ್ಲಿ ಇಷ್ಟು ನಕ್ಷತ್ರ ಎಂದು ಕೊಟ್ಟು, ಸರಾಸರಿ ತೆಗೆದೆವು. ಫಲಿತಾಂಶ ನಗೆಪಾಟಲಾಯಿತು: ಒಬ್ಬರೇ ಕೇಳಿ ಐದಕ್ಕೆ ಐದು ಕೊಟ್ಟ ಹಾಡು ಮೊದಲನೆಯದಾಯಿತು, ಇಪ್ಪತ್ತೆರಡು ಮಂದಿ ಕೇಳಿ ಮೆಚ್ಚಿದ ಹಾಡು ಏಳನೆಯದಕ್ಕೆ ಇಳಿಯಿತು. ರೇಟ್ ಯುವರ್ ಮ್ಯೂಸಿಕ್‌ನಂತಹ, ಕೇಳುಗರೇ ಅಂಕ ಕೊಡುವ ತಾಣಗಳು ಕಡಿಮೆ ಮತ ಬಿದ್ದ ಕೃತಿಯ ಸರಾಸರಿಯನ್ನು ಒಟ್ಟು ಸರಾಸರಿಯ ಕಡೆಗೆ ಎಳೆದು ಈ ದೋಷವನ್ನು ತಿದ್ದುತ್ತವೆ. ಅಷ್ಟು ಗಣಿತ ನಮಗೆ ಬೇಡವಾಯಿತು.

ನಾವು ಆರಿಸಿಕೊಂಡದ್ದು ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಯು ವಿಮರ್ಶಕರಿಂದ ಪ್ರತಿವರ್ಷ ಮಾಡಿಸುತ್ತಿದ್ದ ಮತದಾನದ ನಿಯಮವನ್ನು. ಒಬ್ಬೊಬ್ಬರ ಕೈಯಲ್ಲಿ 100 ಅಂಕಗಳಿರುತ್ತವೆ. ಅವನ್ನು ಹತ್ತು ಕೃತಿಗಳಿಗೆ ಹಂಚಬೇಕು. ಯಾವುದಕ್ಕೂ ಐದಕ್ಕಿಂತ ಕಡಿಮೆ, ಮೂವತ್ತಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅವರು ಆಲ್ಬಂಗಳಿಗೆ ಕೊಡುತ್ತಿದ್ದುದನ್ನು ನಾವು ಹಾಡುಗಳಿಗೆ ಕೊಡುತ್ತೇವೆ. ನೋಡಲು ಸರಳವಾದ ಈ ನಿಯಮ ಮನುಷ್ಯನನ್ನು ಎಷ್ಟು ಒದ್ದಾಡಿಸುತ್ತದೆ ಎಂಬುದು ಪೆನ್ನು ಹಿಡಿದು ಕುಳಿತವರಿಗಷ್ಟೇ ಗೊತ್ತು. ಎರಡು ಹಾಡುಗಳಿಗೆ ಮೂವತ್ತು ಮೂವತ್ತು ಸುರಿದರೆ ಉಳಿದ ಎಂಟಕ್ಕೆ ತಲಾ ಐದೇ ಉಳಿಯುತ್ತದೆ. ಎಲ್ಲದಕ್ಕೂ ಹತ್ತು ಹತ್ತು ಎಂದು ಹಂಚಿದರೆ ತನಗೆ ಯಾವುದೂ ಅಷ್ಟಾಗಿ ಹಿಡಿಸಲಿಲ್ಲವೆಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಕೆಲಸ ಮಾಡುವ ನಮ್ಮ ಗೆಳೆಯರೊಬ್ಬರು ದಿನಕ್ಕೆ ಎಂಟು ಗಂಟೆ ಮಷಿನ್ನಿನ ಸದ್ದಿನ ನಡುವೆ ಹಾಡು ಕೇಳುವವರು. ಆ ಸದ್ದನ್ನು ಸೀಳಿಕೊಂಡು ಬರುವ ಹಾಡಿಗೆ ಮಾತ್ರ ಹದಿನೈದಕ್ಕಿಂತ ಹೆಚ್ಚು ಕೊಡುವುದು ಅವರ ಪದ್ಧತಿ, ಮತ್ತು ನಾಲ್ಕು ವರ್ಷಗಳ ಪಟ್ಟಿಗಳನ್ನು ತಿರುವಿ ನೋಡಿದಾಗ ಇಂದಿಗೂ ಕೇಳಬೇಕೆನಿಸುವ ಹಾಡುಗಳು ಹೆಚ್ಚಾಗಿ ಅವರು ಗುರುತಿಸಿದವೇ ಆಗಿವೆ. ಸಂಗೀತ ಕಲಿತ ನಮ್ಮಂಥವರಿಗೆ ಇದು ಸ್ವಲ್ಪ ಮುಜುಗರದ ಸಂಗತಿ.

ಅಂಕದ ಜೊತೆಗೆ ಪ್ರತಿ ಹಾಡಿಗೂ ಒಂದು ವಾಕ್ಯದ ಕಾರಣವನ್ನು ಕನ್ನಡದಲ್ಲಿ ಬರೆಯಬೇಕೆಂಬುದು ನಾವೇ ಸೇರಿಸಿದ ನಿಯಮ. ‘ಸೂಪರ್’, ‘ಬೆಂಕಿ’ ಎಂಬುವು ಕಾರಣಗಳಲ್ಲ ಎಂದು ತೀರ್ಮಾನವಾಗಿದೆ. ಹಾಡು ತೆಲುಗಿನದಾಗಿರಲಿ, ಉರ್ದುವಿನದಾಗಿರಲಿ ಅಡ್ಡಿಯಿಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಕುಳಿತು ತೆಲುಗು ಹಾಡಿಗೆ ಬಾಗಿಲು ಹಾಕುತ್ತೇವೆಂದರೆ ನಮ್ಮ ಮನೆಯವರೇ ನಕ್ಕಾರು.

ಪಟ್ಟಿಗಳನ್ನು ಎಲ್ಲರೂ ಗುಂಪಿನಲ್ಲಿ ಹಾಕುವುದಿಲ್ಲ. ಆ ತಿಂಗಳ ಲೆಕ್ಕಿಗರೊಬ್ಬರಿಗೆ ಖಾಸಗಿಯಾಗಿ ಕಳುಹಿಸುತ್ತೇವೆ. ಇದಕ್ಕೆ ಆಧಾರವಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 14,000ಕ್ಕೂ ಹೆಚ್ಚು ಜನರಿಗೆ ಹೆಸರು ಮಾಡಿರದ ತಂಡಗಳ 48 ಹಾಡುಗಳನ್ನು ಕೇಳಲು ಕೊಟ್ಟರು. ಕೆಲವರಿಗೆ ಹಾಡುಗಳು ಮಾತ್ರ ಕಾಣಿಸಿದವು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಲ್ಲಿಟ್ಟು, ತಮ್ಮ ಗುಂಪಿನ ಇತರರು ಯಾವುದನ್ನು ಎಷ್ಟು ಸಲ ಇಳಿಸಿಕೊಂಡರು ಎಂಬ ಸಂಖ್ಯೆಯನ್ನೂ ತೋರಿಸಲಾಯಿತು. ಸಂಖ್ಯೆ ಕಂಡಲ್ಲೆಲ್ಲ ಗೆದ್ದ ಹಾಡು ಮತ್ತಷ್ಟು ಗೆದ್ದಿತು, ಆದರೆ ಗೆಲ್ಲುವ ಹಾಡು ಗುಂಪಿನಿಂದ ಗುಂಪಿಗೆ ಬದಲಾಯಿತು. ಬಹಳ ಒಳ್ಳೆಯದು ತೀರ ಸೋಲಲಿಲ್ಲ, ಬಹಳ ಕೆಟ್ಟದ್ದು ತೀರ ಗೆಲ್ಲಲಿಲ್ಲ. ನಡುವಿನವುಗಳ ಗತಿ ಮಾತ್ರ ಮೊದಲು ಯಾರು ಯಾವುದನ್ನು ಒತ್ತಿದರು ಎಂಬುದನ್ನು ಅವಲಂಬಿಸಿತು. ‘ಇಷ್ಟು ಲಕ್ಷ ವೀಕ್ಷಣೆ’ ಎಂದು ನೀವು ಅಚ್ಚು ಹಾಕಿದಾಗ ನಡೆಯುವುದೂ ಇದೇ. ಪತ್ರಿಕೆಯು ಮೆಚ್ಚುಗೆಯನ್ನು ವರದಿ ಮಾಡುತ್ತಿಲ್ಲ, ತಯಾರಿಸುತ್ತಿದೆ.

ನಮ್ಮ ಪಟ್ಟಿಯೂ ಗಂಗಾಜಲವೇನಲ್ಲ. ಎರಡನೆಯ ವರ್ಷ ಸದಸ್ಯರೊಬ್ಬರು ತಮ್ಮ ಅಳಿಯನ ಹಾಡಿಗಾಗಿ ಬೀಗರ ಮನೆಯ ಒಂಬತ್ತು ಮಂದಿಯನ್ನು ಒಂದೇ ವಾರದಲ್ಲಿ ಬಳಗಕ್ಕೆ ಸೇರಿಸಿದರು, ಒಂಬತ್ತೂ ಪಟ್ಟಿಗಳಲ್ಲಿ ಆ ಹಾಡಿಗೆ ಮೂವತ್ತು ಅಂಕ ಬಂದಿತು, ಕಾರಣದ ವಾಕ್ಯವೂ ಅಕ್ಷರಶಃ ಒಂದೇ ಆಗಿತ್ತು. ಅಂದಿನಿಂದ ಹೊಸಬರು ಬಳಗಕ್ಕೆ ಸೇರಿದ ಎರಡು ತಿಂಗಳವರೆಗೆ ಹಾಡು ಹಂಚಿಕೊಳ್ಳಬಹುದು, ಅಂಕ ಕೊಡುವಂತಿಲ್ಲ. ಕಾರಣದ ವಾಕ್ಯ ಇಲ್ಲದಿದ್ದರೆ ಆ ಮೋಸ ಗೊತ್ತೇ ಆಗುತ್ತಿರಲಿಲ್ಲ ಎಂಬುದನ್ನು ವಿಶೇಷವಾಗಿ ಹೇಳುತ್ತೇನೆ. (ಹಾಡು ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ, ಪಾಪ.)

ಇದಕ್ಕಿಂತ ದೊಡ್ಡ ಜಗಳ ‘ಹೊಸದು’ ಎಂದರೇನು ಎಂಬುದರ ಮೇಲೆ ನಡೆಯಿತು. ಮುದಗಲ್ಲಿನ ಸಮೀಪದ ಹಳ್ಳಿಯ ತರುಣನೊಬ್ಬ ಹಾಡಿದ ಮೊಹರಂ ಪದವನ್ನು ಯಾರೋ ಹಂಚಿಕೊಂಡರು. ಅಲಾಯಿ ಕುಣಿಯ (ಮೊಹರಂನ ಬೆಂಕಿಯ ಗುಂಡಿಯ) ಪಕ್ಕದಲ್ಲಿ ಮೊಬೈಲ್ ಹಿಡಿದು ತೆಗೆದದ್ದು, ಹಿಂದೆ ಹಲಗೆಯ ಸದ್ದು, ವೀಕ್ಷಣೆ ಮುನ್ನೂರರ ಆಸುಪಾಸು. ಆ ತಿಂಗಳು ಅದಕ್ಕೆ ಮೂರನೆಯ ಸ್ಥಾನ ಬಂದಿತು. ಇದು ಬಿಡುಗಡೆಯೇ ಅಲ್ಲ, ಇದಕ್ಕೆ ಕಂಪನಿಯಿಲ್ಲ, ದಿನಾಂಕವಿಲ್ಲ ಎಂದು ಗಂಗಾವತಿಯ ಹುಡುಗರು ವಾದಿಸಿದರು. ಕರ್ಬಲಾದ ಕಥೆ ಹಳೆಯದಾದರೂ ಪದವನ್ನು ಆ ವರ್ಷವೇ ಕಟ್ಟಿದ್ದರು, ಆ ವರ್ಷದ ಮಳೆಯ ಮಾತೂ ಅದರಲ್ಲಿತ್ತು. ಅದಕ್ಕಿಂತ ಹೊಸದು ಯಾವುದು ಎಂದು ಹಿರಿಯರು ಕೇಳಿದರು. ಕೊನೆಗೆ, ಹಳೆಯ ರಚನೆಯಾದರೂ ಹಾಡಿಕೆ ಈ ತಿಂಗಳದ್ದಾದರೆ ಹೊಸದೆಂದೇ ಎಣಿಸಬೇಕೆಂದು ಒಪ್ಪಿಗೆಯಾಯಿತು. ಇಲ್ಲವಾದರೆ ಚೀಕಲಪರ್ವಿಯ ವಿಜಯದಾಸರ ಸುಳಾದಿಯನ್ನು ಇಂದಿನ ಹುಡುಗಿಯೊಬ್ಬಳು ಹೊಸದಾಗಿ ಹಾಡಿದರೆ ನಾವು ಅದನ್ನು ಯಾವ ಖಾನೆಯಲ್ಲಿಡಬೇಕಾಗಿತ್ತು?

ಈ ಚರ್ಚೆಯಲ್ಲಿಯೇ ಇನ್ನೊಂದು ವಿಚಾರ ನಮಗೆ ಹೊಳೆಯಿತು. ದಾಸರ ಪದದಲ್ಲಿ ಕೊನೆಗೆ ವಿಜಯವಿಠಲನೆಂದೋ, ಮೊಸರಕಲ್ಲಿನ ಗೋಪಾಲದಾಸರದಾದರೆ ಗೋಪಾಲವಿಠಲನೆಂದೋ, ಮಾನ್ವಿಯ ಜಗನ್ನಾಥದಾಸರದಾದರೆ ಜಗನ್ನಾಥವಿಠಲನೆಂದೋ ಅಂಕಿತ ಬಂದೇ ಬರುತ್ತದೆ. ಹಾಡಿದವರು ಹೇಳಲಿ ಬಿಡಲಿ, ಕಟ್ಟಿದವರ ಗುರುತು ಪದದೊಳಗೇ ಹೆಣೆದಿರುತ್ತದೆ. ಇಂದು ಯೂಟ್ಯೂಬಿಗೆ ಬರುವ ನಮ್ಮ ಭಾಗದ ಜನಪದ ಹಾಡುಗಳಲ್ಲಿ ಚಾನೆಲ್ಲಿನ ಹೆಸರು ದೊಡ್ಡದಾಗಿ, ಡಿಜೆ ಮಾಡಿದವರ ಹೆಸರು ಅದಕ್ಕಿಂತ ದೊಡ್ಡದಾಗಿ ಇರುತ್ತದೆ, ಪದ ಬರೆದವರ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ನಮ್ಮ ಪಟ್ಟಿಯಲ್ಲಿ ಮೊದಲ ಹತ್ತಕ್ಕೆ ಬಂದ ಹಾಡಿನ ಸಾಹಿತ್ಯ ಯಾರದು ಎಂದು ಹುಡುಕುವುದನ್ನು ಒಬ್ಬರ ಪಾಲಿನ ಕೆಲಸವಾಗಿ ಮಾಡಿದ್ದೇವೆ. ಮುದಗಲ್ಲಿನ ಕಡೆಯ ಆ ಪದ ಕಟ್ಟಿದವರು ಹಾಡಿದ ತರುಣನ ಸೋದರಮಾವನೆಂದು ತಿಳಿಯಲು ಹನ್ನೊಂದು ದೂರವಾಣಿ ಕರೆಗಳು ಬೇಕಾದವು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವೀಕ್ಷಣೆಯ ದಾಖಲೆಯನ್ನು ಸುದ್ದಿಯಾಗಿ ಮುದ್ರಿಸುವುದನ್ನು ನಿಲ್ಲಿಸಿ, ಇಲ್ಲವೇ ಕನಿಷ್ಠ ಅದರಲ್ಲಿ ಜಾಹೀರಾತಿನ ವೀಕ್ಷಣೆ ಸೇರಿದೆಯೇ ಎಂದು ಕೇಳಿ ಬರೆಯಿರಿ. ಜಿಲ್ಲಾ ಆವೃತ್ತಿಗಳ ಸಿನಿಮಾ ಪುಟದಲ್ಲಿ ತಿಂಗಳಿಗೊಮ್ಮೆ ಅರ್ಧ ಕಾಲಂ ಜಾಗವನ್ನು ಓದುಗರ ಹಾಡಿನ ಪಟ್ಟಿಗೆ ಮೀಸಲಿಟ್ಟು, ಎಷ್ಟು ಮಂದಿ ಅಂಕ ಕೊಟ್ಟರು, ಯಾವ ನಿಯಮದಿಂದ ಕೊಟ್ಟರು ಎಂಬುದನ್ನು ಪಟ್ಟಿಯ ಮೇಲೆಯೇ ಹಾಕಿ. ಪಟ್ಟಿ ನಮ್ಮದೇ ಆಗಬೇಕೆಂದೇನೂ ಇಲ್ಲ. ಕೊಪ್ಪಳದಲ್ಲಿ, ಹೊಸಪೇಟೆಯಲ್ಲಿ ಇಂತಹ ಬಳಗಗಳು ಇರಲೇಬೇಕು, ಅವರು ನಮ್ಮನ್ನು ಬಯ್ದು ಬರೆದರೂ ಸಂತೋಷವೇ. ಕಳೆದ ತಿಂಗಳ ನಮ್ಮ ಹತ್ತು ಹಾಡುಗಳ ಪಟ್ಟಿಯನ್ನು ಕಾರಣಗಳ ಸಮೇತ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಸ್ಥಳಾಭಾವವಾದರೆ ಐದು ಹಾಡುಗಳನ್ನು ಬಿಟ್ಟುಬಿಡಿ, ಅಂಕಗಳನ್ನೂ ಬೇಕಾದರೆ ಬಿಡಿ; ಕಾರಣದ ವಾಕ್ಯಗಳಿಗೆ ಮಾತ್ರ ದಯಮಾಡಿ ಕತ್ತರಿ ಹಾಕಬೇಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಸಿಂಧನೂರು, ರಾಯಚೂರು ಜಿಲ್ಲೆ