ದ್ರೋಹಿಯೂ ಅದೇ ಗಾಳಿಯನ್ನು ಉಸಿರಾಡಬೇಕಲ್ಲವೇ?

ಮಾನ್ಯ ಸಂಪಾದಕರೇ,

ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ನಡೆಯುವ ವಿಧ್ವಂಸಕ ಕೃತ್ಯವನ್ನು ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಕಂತುಗಳಾಗಿ ಬರುತ್ತಿರುವ ವೈಜ್ಞಾನಿಕ ಥ್ರಿಲ್ಲರ್ ಕಾದಂಬರಿಯನ್ನು ಆರಂಭದಿಂದಲೂ ಆಸಕ್ತಿಯಿಂದ ಓದುತ್ತಿದ್ದೇನೆ. ಕಥೆಯ ಓಟ ಚೆನ್ನಾಗಿದೆ. ಆದರೆ ಕಳೆದ ವಾರದ ಕಂತಿನಲ್ಲಿ ದ್ರೋಹಿಯು ನಿಲ್ದಾಣದ ಗೋಡೆಗೆ ಸಣ್ಣದೊಂದು ತೂತು ಕೊರೆದ ಕೂಡಲೇ ಗಗನಯಾತ್ರಿಗಳೂ ಸಲಕರಣೆಗಳೂ ಸುಂಟರಗಾಳಿಗೆ ಸಿಕ್ಕಂತೆ ಅದರತ್ತ ಎಳೆದುಕೊಂಡು ಹೋಗುವುದನ್ನು ಓದಿದಾಗ, ಲೇಖಕರು ಕೈಗೆ ಸಿಕ್ಕಿದ್ದ ಒಳ್ಳೆಯ ವಸ್ತುವನ್ನು ಬಿಟ್ಟುಕೊಟ್ಟರು ಎನಿಸಿತು.

ಇಂಥದೊಂದು ಘಟನೆ ನಿಜವಾಗಿಯೇ ನಡೆದಿದೆ. 2018ರ ಆಗಸ್ಟ್ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದೊಳಗಿನ ಗಾಳಿಯ ಒತ್ತಡ ತುಸು ತುಸುವೇ ಇಳಿಯುತ್ತಿರುವುದು ಭೂಮಿಯ ಮೇಲಿನ ನಿಯಂತ್ರಣ ಕೇಂದ್ರಗಳ ಗಮನಕ್ಕೆ ಬಂತು. ಆಗ ಗಗನಯಾತ್ರಿಗಳು ನಿದ್ರೆಯಲ್ಲಿದ್ದರು. ತಕ್ಷಣದ ಅಪಾಯವಿಲ್ಲವೆಂದು ಅವರನ್ನು ಎಬ್ಬಿಸಲೂ ಇಲ್ಲ. ಎದ್ದ ಮೇಲೆ ಹುಡುಕಿದಾಗ ನಿಲ್ದಾಣಕ್ಕೆ ಜೋಡಿಸಿದ್ದ, ಗಗನಯಾತ್ರಿಗಳನ್ನು ಕರೆದೊಯ್ಯುವ ರಷ್ಯಾದ ಸೋಯುಜ್ ನೌಕೆಯ ಗೋಡೆಯಲ್ಲಿ ಸುಮಾರು 2 ಮಿಲಿಮೀಟರ್ ಅಗಲದ ತೂತು ಕಾಣಿಸಿತು. ಅದನ್ನು ಎಪಾಕ್ಸಿ ಅಂಟಿನಿಂದ ಮುಚ್ಚಿದರು. ಅಷ್ಟು ಚಿಕ್ಕ ತೂತಿನಿಂದ ಅಷ್ಟು ದೊಡ್ಡ ನಿಲ್ದಾಣದ ಗಾಳಿಯೆಲ್ಲ ಸೋರಿಹೋಗಲು ವಾರಗಳೇ ಹಿಡಿಯುತ್ತಿದ್ದವು.

ಆದರೆ ಕಥೆಗಾರರಿಗೆ ಬೇಕಾದದ್ದು ಅದರ ಮುಂದಿನ ಭಾಗ. ಅದು ಉಲ್ಕಾಕಣ ಬಡಿದು ಆದ ತೂತಲ್ಲ, ಡ್ರಿಲ್‌ನಿಂದ ಕೊರೆದದ್ದು; ಸುತ್ತಲೂ ಡ್ರಿಲ್‌ನ ಮೊನೆ ಜಾರಿದ ಗೀರುಗಳಿದ್ದವು. ಕಾರ್ಖಾನೆಯಲ್ಲಿ ಯಾರೋ ತಪ್ಪಿ ಕೊರೆದು ಅಂಟು ಹಾಕಿ ಮುಚ್ಚಿಟ್ಟರೇ, ಇಲ್ಲವೇ ಕಕ್ಷೆಯಲ್ಲೇ ಯಾರಾದರೂ ಬೇಕೆಂದು ಮಾಡಿದರೇ ಎಂಬ ಅನುಮಾನ ಎದ್ದಿತು. ಅದೇ ವರ್ಷದ ಡಿಸೆಂಬರ್ 11ರಂದು ಇಬ್ಬರು ರಷ್ಯನ್ ಗಗನಯಾತ್ರಿಗಳು ಹೊರಗೆ ಹೋಗಿ, ನೌಕೆಯ ಹೊದಿಕೆಯನ್ನು ಚಾಕುವಿನಿಂದ ಕೊಯ್ದು, ತೂತನ್ನು ಹೊರಗಡೆಯಿಂದ ಪರೀಕ್ಷಿಸಿದರು. ತೂತಿದ್ದ ಭಾಗವೋ, ಭೂಮಿಗೆ ಮರಳುವಾಗ ಕಳಚಿಕೊಂಡು ವಾತಾವರಣದಲ್ಲಿ ಸುಟ್ಟುಹೋಗುವಂಥದ್ದು. ಸಾಕ್ಷ್ಯ ತಾನಾಗಿಯೇ ಬೂದಿಯಾಗುವ ಇಂಥ ಅಪರಾಧಸ್ಥಳವನ್ನು ಯಾವ ಪತ್ತೇದಾರಿ ಲೇಖಕ ಬೇಡವೆಂದಾನು?

ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ನಿಲ್ದಾಣದಲ್ಲಿ ಕೇಡು ಬಗೆಯುವವನು ಅಲ್ಲಿನ ಎಲ್ಲರೊಂದಿಗೆ ಅದೇ ಗಾಳಿಯನ್ನು ಉಸಿರಾಡುತ್ತಾನೆ, ಅದೇ ನೀರನ್ನು ಕುಡಿಯುತ್ತಾನೆ, ಮರಳುವ ನೌಕೆಯಲ್ಲಿ ಅವರ ಪಕ್ಕದಲ್ಲೇ ಕೂರುತ್ತಾನೆ. ಹೀಗಿರುವಾಗ ಅವನ ಕೆಲಸ ಸದ್ದಿಲ್ಲದ್ದೂ ಸಾಮಾನ್ಯ ದೋಷವೆಂದು ತೋರುವಂಥದ್ದೂ ಆಗಿರಬೇಕು; ಓದುಗನಿಗೂ ಇದು ಕೆಟ್ಟುಹೋದದ್ದೋ ಕೆಡಿಸಿದ್ದೋ ಎಂಬುದು ಕೊನೆಯವರೆಗೂ ಖಾತ್ರಿಯಾಗಬಾರದು. ಸ್ಫೋಟದ ಮೇಲೆ ಸ್ಫೋಟವಾದರೆ ಆ ಅನುಮಾನಕ್ಕೆ ಎಡೆಯೆಲ್ಲಿ? (ಎರಡನೆಯ ಕಂತಿನ ಸ್ಫೋಟದ ಸದ್ದು ನಿರ್ವಾತವನ್ನು ದಾಟಿ ಪಕ್ಕದ ನೌಕೆಯವರಿಗೆ ಕೇಳಿಸಿದ್ದನ್ನು ಸದ್ಯಕ್ಕೆ ಮನ್ನಿಸೋಣ.)

ಇದೇ ಮಾತು ಆಮ್ಲಜನಕದ ಯಂತ್ರವನ್ನು ನಿಲ್ಲಿಸಿದ ಅರ್ಧ ಗಂಟೆಯಲ್ಲೇ ಎಲ್ಲರೂ ಏದುಸಿರು ಬಿಡುವ ಸನ್ನಿವೇಶಕ್ಕೂ ಸಲ್ಲುತ್ತದೆ. ಅಲ್ಲಿನ ಗಾಳಿಯಲ್ಲಿರುವ ಆಮ್ಲಜನಕ ಏಳು ಜನರಿಗೆ ಹಲವು ದಿನ ಸಾಕಾಗುತ್ತದೆ. ಇಂಗಾಲದ ಡೈಆಕ್ಸೈಡನ್ನು ತೆಗೆಯುವ ಯಂತ್ರವೂ ನಿಂತರೆ, ಅದಕ್ಕೂ ಮೊದಲು ಕಾಡುವುದು ಅವರೇ ಹೊರಬಿಟ್ಟ ಆ ಅನಿಲ. ತೂಕವಿಲ್ಲದ ಸ್ಥಿತಿಯಲ್ಲಿ ಬೆಚ್ಚನೆಯ ಗಾಳಿ ಮೇಲಕ್ಕೇರುವುದಿಲ್ಲವಾದ್ದರಿಂದ, ಫ್ಯಾನು ತಿರುಗದಿದ್ದರೆ ಮಲಗಿದವನ ಉಸಿರು ಅವನ ಮುಖದ ಸುತ್ತಲೇ ನಿಂತುಬಿಡುತ್ತದೆ. ಒಬ್ಬನ ಮಲಗುವ ಗೂಡಿನಲ್ಲಿ ಫ್ಯಾನು ನಿಧಾನವಾಗುತ್ತದೆ; ಅವನು ತಲೆನೋವಿನಿಂದ ಏಳುತ್ತಾನೆ, ಸಣ್ಣ ಲೆಕ್ಕ ತಪ್ಪುತ್ತಾನೆ, ಸಿಡುಕುತ್ತಾನೆ, ಉಳಿದವರು ಅವನನ್ನೇ ಸಂಶಯದಿಂದ ನೋಡತೊಡಗುತ್ತಾರೆ. ಬಂದೂಕು ಹಿಡಿದ ಖಳನಾಯಕನಿಗಿಂತ ಇದು ನನ್ನನ್ನು ಹೆಚ್ಚು ಹೆದರಿಸುತ್ತದೆ.

ಮುಂದಿನ ವಾರ ನಾಯಕಿ ಸೋರುತ್ತಿರುವ ಘಟಕದ ಬಾಗಿಲನ್ನು ಮುಚ್ಚುವವಳಿದ್ದಾಳೆ ಎಂಬ ಸುಳಿವನ್ನು ಲೇಖಕರು ಕೊಟ್ಟಿದ್ದಾರೆ. 1997ರ ಜೂನ್ 25ರಂದು ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದ ಸ್ಪೆಕ್ಟರ್ ಎಂಬ ಘಟಕಕ್ಕೆ ಸರಕು ನೌಕೆ ಡಿಕ್ಕಿ ಹೊಡೆದಾಗ, ಬಾಗಿಲಿನ ಮೂಲಕ ಹಾದುಹೋಗಿದ್ದ ಕೇಬಲ್‌ಗಳನ್ನು ಕಳಚಿ, ಕತ್ತರಿಸಿದ ಮೇಲಷ್ಟೇ ಆ ಘಟಕವನ್ನು ಮುಚ್ಚಲು ಸಾಧ್ಯವಾಯಿತು. ಅದರ ಸೌರಫಲಕಗಳ ವಿದ್ಯುತ್ತು ಆ ಕೇಬಲ್‌ಗಳಲ್ಲೇ ಬರುತ್ತಿದ್ದುದರಿಂದ ಗಾಳಿ ಉಳಿಯಿತು, ವಿದ್ಯುತ್ತು ಹೋಯಿತು. ನಾಯಕಿಯ ಕೈಗೂ ಅಂಥ ಒಂದು ಚಾಕುವನ್ನು ಕೊಟ್ಟು, ಯಾವ ಕೇಬಲ್ ಯಾವುದಕ್ಕೆ ಹೋಗುತ್ತದೆಂದು ತಿಳಿದಿರುವ ಏಕೈಕ ವ್ಯಕ್ತಿಯನ್ನೇ ಆಕೆ ಶಂಕಿಸುವಂತೆ ಮಾಡಬಹುದೇ ಎಂದು ಲೇಖಕರನ್ನು ಕೇಳಬೇಕೆಂದು ತಮ್ಮಲ್ಲಿ ವಿನಂತಿ.

ಇಂತಿ,
ಪುರವಣಿಯ ಓದುಗ